ಮಾರಕ್ಕ ಇಲ್ಲ

ವರ್ತೂರು
6 ಮೇ 2015

ಡಾಕ್ಟರಮ್ಮನವರಿಗೆ ವರ್ತೂರಿನ ಮಾರಕ್ಕ ಮಾಡುವ ನಮಸ್ಕಾರ.

ನಾನು ಕ್ಷೇಮ. ಕಾಗದ ಬರೆಯುವವರೆಲ್ಲ ಹೀಗೇ ಶುರು ಮಾಡುತ್ತಾರೆ, ಆದರೆ ನಾನು ವಾಡಿಕೆಗೆ ಬರೆದದ್ದಲ್ಲ. ನಮ್ಮ ಮನೆಯವರಿಗೆ ಅಂತ ನೀವು ಕಳಿಸಿಕೊಟ್ಟ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ನಾನು ಸತ್ತುಹೋಗಿದ್ದೇನೆ. ಅದಕ್ಕೇ ಮೊದಲು ಈ ಮಾತು ತಿಳಿಸಬೇಕಾಯಿತು.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ಗಂಟಲ ಕ್ಯಾನ್ಸರಿಗೆ ದನಿಪೆಟ್ಟಿಗೆ ತೆಗೆಸಿಕೊಂಡ ಸೊಪ್ಪಿನ ಮಾರಕ್ಕ ನಾನು. ಆಪರೇಷನ್ನಿಗೆ ಮುಂಚೆ ನೀವು ಮಂಚದ ಪಕ್ಕ ಕೂತು, ಸಣ್ಣ ಮೆಷಿನ್ನು ಮುಂದಿಟ್ಟು, ‘ಏನಾದ್ರೂ ಮಾತಾಡಿ ಮಾರಕ್ಕ’ ಅಂದಿರಿ. ಏನು ಮಾತಾಡಲಿ ಅಂತ ತೋಚದೆ ಸಂತೆಯಲ್ಲಿ ಕೂಗುವ ಹಾಗೆ ‘ದಂಟು, ಸಬ್ಬಸ್ಸಿಗೆ, ಮೆಂತ್ಯಾ’ ಅಂತ ಕೂಗಿದ್ದೆ. ವಾರ್ಡಿನವರೆಲ್ಲ ನಕ್ಕಿದ್ದರು. ನಮ್ಮಂಥವರು ಆಪರೇಷನ್ ಆದ ಮೇಲೆ ಹೇಗೆ ಬಾಳುತ್ತಾರೆ ಅಂತ ವರ್ಷಾನುಗಟ್ಟಲೆ ವಿಚಾರಿಸಿ ನೀವು ಪುಸ್ತಕ ಬರೆದಿದ್ದೀರಿ, ಚೆನ್ನಾಗಿದೆ. ಸ್ನಾನದ ವಿಷಯ ಬರೆದದ್ದಂತೂ ನೂರಕ್ಕೆ ನೂರು ಸರಿ.

ಮಧ್ಯಾಹ್ನ ಊಟ ಆದ ಮೇಲೆ ಸೊಸೆ ರಾಣಿ ದಿನಕ್ಕೆ ನಾಲ್ಕು ಪುಟ ಓದಿ ಹೇಳುತ್ತಿದ್ದಳು. ಮೊನ್ನೆ ಓದುತ್ತಾ ಓದುತ್ತಾ ನಿಲ್ಲಿಸಿಬಿಟ್ಟಳು. ‘ಅತ್ತೆ, ಯಾಕೋ ಕಣ್ಣುರೀತದೆ, ನಾಳೀಕ್ ಓದ್ತೀನಿ’ ಅಂದಳು. ನಾನೂ ಏಳನೇ ಕ್ಲಾಸು ಓದಿದವಳು, ಪುಸ್ತಕ ಕಿತ್ತುಕೊಂಡು ನೋಡಿದೆ. ‘ವರ್ತೂರಿನ ಮ— ಎಂಬ ಸೊಪ್ಪು ಮಾರುವ ಮಹಿಳೆ, ತಮ್ಮ ಕೂಗಿಗೆ ಊರಲ್ಲೆಲ್ಲ ಹೆಸರಾಗಿದ್ದವರು, ಶಸ್ತ್ರಚಿಕಿತ್ಸೆಯ ಆರನೇ ವರ್ಷದಲ್ಲಿ ತೀರಿಕೊಂಡರೆಂದು ಮನೆಯವರಿಂದ ತಿಳಿದುಬಂತು.’ ವರ್ತೂರಲ್ಲಿ ಕೂಗಿಗೆ ಹೆಸರಾದ ಇನ್ನೊಬ್ಬಳು ಸೊಪ್ಪಿನವಳು ಯಾವಳಿದ್ದಾಳೆ?

ಸಾವಿನ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳಬೇಕು. ನನ್ನ ಸಾವಿಗೆ ನಾನು ಹಾಕಿಕೊಳ್ಳಬೇಕೋ ಬೇಡವೋ ಗೊತ್ತಾಗದೆ ಸಾಯಂಕಾಲದವರೆಗೆ ಕೂತಿದ್ದೆ. ಕೊನೆಗೆ ರಾಣಿ ಬಿಸಿನೀರು ಕಾಯಿಸಿ, ಕುತ್ತಿಗೆಯ ತೂತಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು ಸ್ನಾನ ಮಾಡಿಸಿದಳು.

ನಗಬೇಡಿ ಡಾಕ್ಟರಮ್ಮ. ತಪ್ಪು ಎಲ್ಲರೂ ಮಾಡುತ್ತಾರೆ, ಅದಕ್ಕೆ ನನಗೆ ಕೋಪವಿಲ್ಲ. ‘ಮನೆಯವರಿಂದ’ ಅಂತ ಬರೆದಿದ್ದೀರಲ್ಲ, ಆ ಮಾತು ಮುಳ್ಳಿನ ಹಾಗೆ ಕೂತಿದೆ. ನಾನು ಸತ್ತೆ ಅಂತ ನಿಮಗೆ ಹೇಳಿದವರು ಯಾರು? ಅದೊಂದು ತಿಳಿಸಿ ಪುಣ್ಯ ಕಟ್ಟಿಕೊಳ್ಳಿ.

ಇಂತಿ,
ಮಾರಕ್ಕ


ಪುಣೆ
15 ಮೇ 2015

ಪ್ರೀತಿಯ ಮಾರಕ್ಕನವರಿಗೆ ಸವಿತಾಳ ನಮಸ್ಕಾರಗಳು.

ನಿಮ್ಮ ಪತ್ರ ನೋಡಿ ಸಂತೋಷಕ್ಕೆ ಅತ್ತುಬಿಟ್ಟೆ, ಮರುಕ್ಷಣವೇ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬದುಕಿ ಉಳಿದವರ ಬಗ್ಗೆ ಪುಸ್ತಕ ಬರೆದು, ಅದರಲ್ಲಿ ಬದುಕಿರುವವರನ್ನೇ ಸಾಯಿಸಿದ್ದೇನೆ. ದಯವಿಟ್ಟು ಕ್ಷಮಿಸಿ. ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ, ಇಂಗ್ಲಿಷ್ ಪತ್ರಿಕೆಯಲ್ಲಿ ಬಂದ ಪ್ರಬಂಧಕ್ಕೂ ತಿದ್ದುಪಡಿ ಕಳಿಸುತ್ತೇನೆ.

ಆದದ್ದು ಹೀಗೆ. ನಾನು ಪುಣೆಗೆ ಬಂದ ಮೇಲೆ ಕೊನೆಯ ಸುತ್ತಿನ ಭೇಟಿಗಳಿಗೆ ನಾನೇ ಬರಲಾಗಲಿಲ್ಲ. ಕಾಡುಗೋಡಿಯ ಅಂಜನ್ ಎಂಬ ಸಹಾಯಕರು ಮನೆಮನೆಗೆ ಹೋದರು. ಹೋದ ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ, ನಿಮ್ಮ ಮನೆಗೂ ಬಂದಿದ್ದರು. ಮನೆಯ ಹೆಂಗಸೊಬ್ಬರು ‘ಮಾರಕ್ಕ ಇಲ್ಲ’ ಅಂದರಂತೆ.

ನಮ್ಮ ಮಾತೇ ಹಾಗಲ್ಲವೇ? ಅಂಗಡಿಗೆ ಹೋದವರನ್ನೂ ‘ಇಲ್ಲ’ ಅನ್ನುತ್ತೇವೆ, ಸತ್ತವರನ್ನೂ ‘ಇಲ್ಲ’ ಅನ್ನುತ್ತೇವೆ. ನೀವು ಎಲ್ಲೋ ಹೊರಗೆ ಹೋಗಿದ್ದಿರಬಹುದು, ಅಂಜನ್ ತಪ್ಪು ತಿಳಿದಿರಬಹುದು ಎಂದುಕೊಂಡು ಫೋನಿನಲ್ಲಿ ಬೈದೆ. ಅವರು ಒಪ್ಪಲಿಲ್ಲ. ‘ಇಲ್ಲ ಮೇಡಂ, ಅವ್ರು ಹೇಳಿದ್ ರೀತೀಲಿ ಅನುಮಾನನೇ ಇರ್ಲಿಲ್ಲ’ ಅಂದರು. ಆ ಮಾತುಕತೆ ಅವರ ಫೋನಿನಲ್ಲಿ ರೆಕಾರ್ಡ್ ಆಗಿದೆ. ಅದನ್ನು ತರಿಸಿಕೊಂಡು ಕೇಳಿ ನಿಮಗೆ ಬರೆಯುತ್ತೇನೆ.

ಅಷ್ಟರವರೆಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡಿ.

ನಿಮ್ಮ,
ಸವಿತಾ


ವರ್ತೂರು
24 ಮೇ 2015

ಡಾಕ್ಟರಮ್ಮನವರಿಗೆ ನಮಸ್ಕಾರ.

‘ಮನೆಯ ಹೆಂಗಸೊಬ್ಬರು’ ಅಂತ ಬರೆದಿರಿ. ಈ ಮನೆಯಲ್ಲಿ ನಾವು ಮೂರೇ ಜನ. ನಾನು, ನೀರಿನ ಟ್ಯಾಂಕರ್ ಓಡಿಸುವ ಮಗ ರಾಜೇಂದ್ರ, ಅವನ ಹೆಂಡತಿ ರಾಣಿ. ನನ್ನ ಗಂಡ ಹೋಗಿ ಕಾಲವಾಯಿತು. ನಾನು ಮಾತಾಡಲಾರೆ. ಉಳಿದವಳು ಯಾರು ಅಂತ ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ.

ನಾನು ಎಲ್ಲಿಗೂ ಹೋಗಿರಲಿಲ್ಲ ಡಾಕ್ಟರಮ್ಮ. ದೀಪಾವಳಿ ಆದ ಮೇಲೆ ನನಗೆ ಜ್ವರ ಬಂದು ಒಳಕೋಣೆಯಲ್ಲಿ ಹದಿನೈದು ದಿನ ಮಲಗಿದ್ದೆ. ನಿಮ್ಮ ಹುಡುಗ ಬಂದಾಗ ನಾನು ಗೋಡೆಯ ಈಚೆ ಇದ್ದೆ. ಗೋಡೆಯ ಆಚೆ ನಿಂತು ಅವಳು ನನ್ನನ್ನು ಇಲ್ಲ ಅಂದಳು.

ರಾಣಿಯನ್ನು ಕೇಳಿಯೇ ಬಿಟ್ಟೆ. ನಾನು ಕೇಳುವುದು ಅಂದರೆ ತುಟಿ ಆಡಿಸುವುದು, ಅವಳು ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ. ನನ್ನ ಆಪರೇಷನ್ ಆಗಿ ಎರಡು ವರ್ಷದ ಮೇಲೆ ಈ ಮನೆಗೆ ಬಂದವಳು, ನನ್ನ ದನಿ ಹೇಗಿತ್ತು ಅಂತಲೇ ಅವಳಿಗೆ ಗೊತ್ತಿಲ್ಲ. ಆದರೂ ಮಗನಿಗಿಂತ ಚೆನ್ನಾಗಿ ನನ್ನ ಮಾತು ಅರ್ಥ ಮಾಡಿಕೊಳ್ಳುತ್ತಿದ್ದಳು. ಅವಳು ಏನಂದಳು ಗೊತ್ತೇ? ‘ನಾನಲ್ಲ ಅತ್ತೆ, ದೇವ್ರಾಣೆ. ನಾನು ಹಿತ್ಲಲ್ಲಿ ಬಟ್ಟೆ ಒಗೀತಿದ್ದೆ. ಯಾರೋ ಎಂಗ್ಸು ಪಡಸಾಲೇಲಿ ಮಾತಾಡಿದ್ದು ಕೇಳಿಸ್ತು. ನಿಮ್ಮನ್ ನೋಡೋಕೆ ಯಾರೋ ಬಂದವ್ರೆ ಅನ್ಕಂಡೆ. ಕೈ ಒರಸ್ಕಂಡು ಬರೋವತ್ಗೆ ಯಾರೂ ಇರ್ನಿಲ್ಲ.’

ಎಂಥ ಸುಳ್ಳು ನೋಡಿ! ನಾನು ಮಲಗಿರುವ ಮನೆಗೆ ಯಾವ ಹೆಂಗಸು ಬಂದು, ನನ್ನನ್ನು ಮಾತಾಡಿಸದೆ, ನಾನು ಸತ್ತೆ ಅಂತ ಹೇಳಿ ಹೋಗುತ್ತಾಳೆ? ಪುಸ್ತಕ ಓದುವಾಗ ಆ ಪುಟದಲ್ಲಿ ನಿಲ್ಲಿಸಿದಳಲ್ಲ, ಕಣ್ಣುರಿ ಅಂದಳಲ್ಲ, ಈಗ ಎಲ್ಲ ತಾಳೆಯಾಗುತ್ತಿದೆ.

ಈಗ ಅವಳ ಕೈಯಲ್ಲಿ ತಲೆಗೆ ನೀರು ಹಾಕಿಸಿಕೊಳ್ಳುತ್ತಿಲ್ಲ. ನಿಮಗೇ ಗೊತ್ತು, ನಾನು ಉಸಿರಾಡುವುದು ಕುತ್ತಿಗೆಯ ತೂತಿನಿಂದ. ಒಂದು ಚೊಂಬು ನೀರು ಅದರೊಳಗೆ ಹೋದರೆ ಮುಗಿಯಿತು. ನಾಲ್ಕು ವರ್ಷ ಅವಳ ಅಂಗೈಯನ್ನು ನಂಬಿ ಕಣ್ಣು ಮುಚ್ಚಿ ಕೂತಿದ್ದೆ. ಈಗ ಬಚ್ಚಲ ಬಾಗಿಲಿಗೆ ಅವಳು ಬಂದರೆ ಒಳಗಿಂದ ಚಿಲಕ ಹಾಕಿಕೊಳ್ಳುತ್ತೇನೆ. ಮನಸ್ಸಿನಲ್ಲಿ ಸತ್ತವಳು ಅಂದುಕೊಂಡವಳ ಮೇಲೆ ಕೈ ಅಡ್ಡ ಹಿಡಿಯುವುದಕ್ಕೆ ಅವಳಿಗೇನು ಬಂದಿದೆ?

ಆ ರೆಕಾರ್ಡಿನಲ್ಲಿ ಅವಳು ಏನೇನು ಹೇಳಿದ್ದಾಳೋ ಒಂದಕ್ಷರ ಬಿಡದೆ ಬರೆದು ಕಳಿಸಿ. ಅದನ್ನು ಕೇಳುವವರೆಗೆ ನನಗೆ ಅನ್ನ ಸೇರುವುದಿಲ್ಲ.

ಮಾರಕ್ಕ


ಪುಣೆ
5 ಜೂನ್ 2015

ಮಾರಕ್ಕನವರಿಗೆ ನಮಸ್ಕಾರಗಳು.

ರೆಕಾರ್ಡ್ ಮಾಡಿದ ಮಾತುಕತೆಗಳನ್ನು ಹೊರಗೆ ಕೊಡುವುದಕ್ಕೆ ನಮ್ಮ ಸಂಸ್ಥೆಯ ನಿಯಮಗಳು ಅಡ್ಡಬರುತ್ತವೆ. ಅನುಮತಿ ಕೇಳಿದ್ದೇನೆ. ಸ್ವಲ್ಪ ತಡವಾಗಬಹುದು.

ರಾಣಿಯವರ ಮೇಲೆ ಅನುಮಾನ ಪಡಬೇಡಿ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ಕೆಲವು ವಿಷಯ ಕೇಳಬೇಕಿತ್ತು. ನಿಮಗೆ ಅಕ್ಕತಂಗಿಯರು ಇದ್ದಾರೆಯೇ? ಹೆಣ್ಣುಮಕ್ಕಳು? ನಿಮಗೆ ಕಾಯಿಲೆ ಬರುವುದಕ್ಕೆ ಮುಂಚೆ, ಮದುವೆ ಮನೆಯಲ್ಲೋ ಜಾತ್ರೆಯಲ್ಲೋ, ನಿಮ್ಮ ದನಿಯನ್ನು ಯಾರಾದರೂ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದು ಉಂಟೇ? ಇದ್ದರೆ ಅದು ಈಗ ಎಲ್ಲಿದೆ?

ಅಂಜನ್ ಅವರನ್ನು ಮತ್ತೆ ವಿಚಾರಿಸಿದೆ. ಬಾಗಿಲಿಗೆ ಪರದೆ ಇತ್ತು, ಮಾತಾಡಿದವರು ಹೊರಗೆ ಬರಲಿಲ್ಲ, ಮುಖ ನೋಡಲಿಲ್ಲ ಅಂದರು.

ಆರೋಗ್ಯ ನೋಡಿಕೊಳ್ಳಿ.

ಸವಿತಾ


ವರ್ತೂರು
13 ಜೂನ್ 2015

ಡಾಕ್ಟರಮ್ಮ,

ನಾನು ಕೇಳಿದ್ದೇನು, ನೀವು ಬರೆದದ್ದೇನು? ಅಕ್ಕತಂಗಿಯರ ಲೆಕ್ಕ ನಿಮಗೆ ಯಾಕೆ? ನಮ್ಮಪ್ಪನಿಗೆ ನಾನೊಬ್ಬಳೇ ಹೆಣ್ಣು. ನನಗೆ ಹುಟ್ಟಿದ್ದು ಗಂಡೊಂದೇ. ಸೊಪ್ಪು ಮಾರುವವಳ ದನಿಯನ್ನು ಕ್ಯಾಸೆಟ್ಟಿಗೆ ತುಂಬುವಷ್ಟು ಹುಚ್ಚು ಈ ಊರಲ್ಲಿ ಯಾರಿಗೂ ಹಿಡಿದಿರಲಿಲ್ಲ. ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಡದವರೆಗೆ ಕೇಳುತ್ತಿತ್ತು, ಇನ್ನು ಕ್ಯಾಸೆಟ್ಟು ಯಾಕೆ?

ನೀವು ಅದನ್ನು ಕೇಳಿದ್ದೀರಿ. ಕೇಳಿಯೂ ಮುಚ್ಚಿಡುತ್ತಿದ್ದೀರಿ. ನನಗೆ ಓದು ಕಡಿಮೆ ಇರಬಹುದು, ಕಾಗದ ಬರೆದವರ ಮನಸ್ಸು ತಿಳಿಯುತ್ತದೆ. ಹೋದ ಸಲ ಎರಡು ಹಾಳೆ ತುಂಬ ಬರೆದವರು ಈ ಸಲ ಅಂಗೈಯಗಲ ಬರೆದಿದ್ದೀರಿ. ರಾಣಿ ಅಂದದ್ದು ನನ್ನಿಂದ ತಡೆಯಲಾಗದಷ್ಟು ಕೆಟ್ಟದ್ದು ಇರಬೇಕು, ಅದಕ್ಕೇ ಮುದುಕಿಗೆ ನೋವಾಗದಿರಲಿ ಅಂತ ನಿಯಮದ ಮಾತು ಆಡಿದ್ದೀರಿ.

ನಿಮ್ಮ ಕಾಗದವನ್ನು ಮಗನಿಗೆ ತೋರಿಸಿದೆ. ‘ಅಮ್ಮೋ, ನಿಂಗೆ ತಲೆ ಕೆಟ್ಟೈತೆ ಕಣಮ್ಮ. ಅವ್ಳು ನಿನ್ ಕುತ್ಗೆ ಕೊಳವೆ ತೊಳೆಯೋದ್ ನೋಡಿದ್ರೆ ನನ್ಗೇ ಒಟ್ಟೆ ತೊಳಸ್ತದೆ, ಒಂದ್ ದಿವ್ಸ ಮುಖ ಸಿಂಡರಿಸವ್ಳಾ?’ ಅಂತ ರೇಗಿದ. ನಾನು ಸುಮ್ಮನಾಗಲಿಲ್ಲ. ತಟ್ಟೆ ತಳ್ಳಿದೆ.

ರಾಣಿ ಆವತ್ತು ಅಳುತ್ತಾ ಇನ್ನೊಂದು ಮಾತು ಹೇಳಿದಳು. ‘ಆ ಎಂಗ್ಸು ಈಗ್ಲೂ ಬತ್ತಾಳೆ ಅತ್ತೆ. ನೀವು ಮಲ್ಗಿದ್ದಾಗ ಅಡಿಗೆಮನೇಲಿ ಮಾತು ಕೇಳಿಸ್ತದೆ. ನಾನೋದ್ರೆ ಯಾರೂ ಇರಲ್ಲ. ನಿಮ್ಗೆ ಎದ್ರಿಕೆ ಆಯ್ತದೆ ಅಂತ ಇಷ್ಟ್ ದಿನ ಯೋಳಿರ್ನಿಲ್ಲ.’ ಸಿಕ್ಕಿಬಿದ್ದ ಮೇಲೆ ದೆವ್ವದ ಕತೆ ಕಟ್ಟಿದ ಹಾಗೆ ಕಾಣಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ‘ಈ ಮನೇಲಿರೋದು ನಿನ್ ಬಾಯಿ ಒಂದೇ’ ಅಂತ ತುಟಿ ಆಡಿಸಿದೆ. ಅವಳಿಗೆ ಅರ್ಥವಾಯಿತು.

ಮಾರಕ್ಕ


ವರ್ತೂರು
19 ಜುಲೈ 2015

ಡಾಕ್ಟರಮ್ಮನವರಿಗೆ,

ತಿಂಗಳ ಮೇಲಾಯಿತು, ನಿಮ್ಮ ಕಾಗದ ಇಲ್ಲ. ನಾನು ಒರಟಾಗಿ ಬರೆದೆ ಅಂತ ಸಿಟ್ಟು ಮಾಡಿಕೊಂಡಿರಾ?

ರಾಣಿ ತವರಿಗೆ ಹೋದಳು. ಸರ್ಜಾಪುರದ ಆಚೆ ಅವರ ಊರು. ನಾನು ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಹೋಗುವ ದಿನ ನನ್ನ ಕುತ್ತಿಗೆಯ ಬಟ್ಟೆಗಳನ್ನೆಲ್ಲ ಕುದಿಸಿ ಒಣಗಿಸಿ ಮಡಿಸಿಟ್ಟಳು. ಬಾಗಿಲಲ್ಲಿ ನಿಂತು ‘ಬತ್ತೀನಿ ಅತ್ತೆ’ ಅಂತಾಳೆ ಅಂದುಕೊಂಡಿದ್ದೆ. ಏನೂ ಅನ್ನದೆ ಹೋದಳು.

ಈಗ ಕೆರೆಗೆ ಬಿಡುವ ಕೊಳಚೆಯ ನೊರೆ ಮತ್ತೆ ಜಾಸ್ತಿಯಾಗಿದೆ. ಗಾಳಿ ಬೀಸಿದರೆ ರಸ್ತೆಗೆ ಹಾರಿ ಬರುತ್ತದೆ, ಸ್ಕೂಟರಿನವರ ಮೈಮೇಲೆಲ್ಲ ಅಂಟುತ್ತದೆ. ಅದು ಕುತ್ತಿಗೆಯ ತೂತಿಗೆ ಬಡಿದರೆ ಕೆಮ್ಮು ನಿಲ್ಲುವುದಿಲ್ಲ. ಅದಕ್ಕೆ ಕಿಟಕಿಬಾಗಿಲು ಹಾಕಿಕೊಂಡು ಹಗಲೆಲ್ಲ ಒಳಗೇ ಇರುತ್ತೇನೆ. ಮಗ ಟ್ಯಾಂಕರ್ ತೆಗೆದುಕೊಂಡು ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ನನ್ನ ಜೊತೆ ಮಾತು ಬಿಟ್ಟಿದ್ದಾನೆ. ತಲೆಗೆ ನೀರು ಹಾಕಿಕೊಂಡು ಎಷ್ಟು ದಿನವಾಯಿತೋ, ಕೂದಲು ಗಂಟುಗಟ್ಟಿ ನವೆ ಶುರುವಾಗಿದೆ.

ಒಂದು ವಿಷಯ ನಿಮಗೆ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಎದುರುಮನೆಯ ದೇವಕ್ಕ ಗುರುವಾರ ಬೆಳಗ್ಗೆ ಬಾಗಿಲು ಬಡಿದಳು. ನಾನು ತೆಗೆದೆ. ‘ಏನಕ್ಕಾ, ಕೂಗಿದೆಯಲ್ಲ, ಏನ್ ಬೇಕಿತ್ತು?’ ಅಂದಳು. ಅಂದವಳೇ ನನ್ನ ಕುತ್ತಿಗೆಯ ಬಟ್ಟೆ ನೋಡಿ ಬಾಯಿ ಮುಚ್ಚಿಕೊಂಡಳು. ಮೂವತ್ತು ವರ್ಷದಿಂದ ನನ್ನ ಕೂಗಿಗೆ ಓಗೊಟ್ಟು ಅಭ್ಯಾಸ ನೋಡಿ, ಯೋಚನೆ ಮಾಡದೆ ಬಂದುಬಿಟ್ಟಿದ್ದಾಳೆ. ‘ಅಯ್ಯೋ ನನ್ ಬುದ್ಧಿಗಿಷ್ಟು, ಯಾವ್ದೋ ಟೀವಿ ಇರಬೇಕು’ ಅಂತ ಸೆರಗು ಹೊದ್ದುಕೊಂಡು ಹೊರಟುಹೋದಳು. ಆವತ್ತಿನಿಂದ ನಮ್ಮ ಮನೆ ಕಡೆ ತಲೆಯೆತ್ತಿಯೂ ನೋಡುತ್ತಿಲ್ಲ.

ನನಗಂತೂ ಏನೂ ಕೇಳಿಸುವುದಿಲ್ಲ ಡಾಕ್ಟರಮ್ಮ. ಮನೆ ತಣ್ಣಗಿದೆ. ಆದರೆ ಒಂದು ದಿನ ಮಧ್ಯಾಹ್ನ ಎದ್ದಾಗ ಗಂಟಲು ನೋಯುತ್ತಿತ್ತು, ಸಂತೆ ಮುಗಿಸಿ ಬಂದ ದಿನ ನೋಯುತ್ತಿತ್ತಲ್ಲ, ಹಾಗೇ. ಅಲ್ಲಿ ನೋಯುವುದಕ್ಕೆ ಈಗ ಏನಿದೆ? ನೀವೇ ಕೊಯ್ದು ತೆಗೆಸಿದ್ದೀರಿ.

ನನಗೆ ಹೆದರಿಕೆಯಾಗುತ್ತಿದೆ. ರಾಣಿ ಹೇಳಿದ್ದು ಸುಳ್ಳೋ ನಿಜವೋ ನಿಮ್ಮೊಬ್ಬರಿಗೇ ಗೊತ್ತು. ಸುಳ್ಳಾದರೆ ಸುಳ್ಳು ಅಂತ ಬರೆಯಿರಿ. ನಿಜವಾದರೆ ನಾನು ಒಂದು ಮನೆ ಒಡೆದಿದ್ದೇನೆ. ಯಾವುದಾದರೂ ಸರಿ, ಒಂದು ಸಾಲು ಬರೆಯಿರಿ.

ಮಾರಕ್ಕ


ಪುಣೆ
2 ಆಗಸ್ಟ್ 2015

ಮಾರಕ್ಕ,

ನಿಮ್ಮ ಎರಡೂ ಪತ್ರ ತಲುಪಿದವು. ನಿಯಮ ಎಂದು ನಾನು ಬರೆದದ್ದು ನೆಪ. ರೆಕಾರ್ಡ್ ನನ್ನ ಹತ್ತಿರ ಬಂದದ್ದು ಮೇ ತಿಂಗಳ ಕೊನೆಯಲ್ಲೇ. ಕೇಳಿದೆ, ಹೆದರಿದೆ, ಹೆದರಿ ಸುಮ್ಮನಾದೆ. ರಾಣಿ ಮನೆ ಬಿಟ್ಟು ಹೋದದ್ದಕ್ಕೆ ನನ್ನ ಆ ಸುಮ್ಮನಿರುವಿಕೆಯೂ ಕಾರಣ. ‘ಮನೆಯ ಹೆಂಗಸೊಬ್ಬರು’ ಎಂದು ಯೋಚಿಸದೆ ಬರೆದವಳೂ ನಾನೇ.

ನೀವು ಕೇಳಿದ ಹಾಗೆ ಒಂದಕ್ಷರ ಬಿಡದೆ ಬರೆಯುತ್ತೇನೆ. ಮೊದಲು ಗೇಟಿನ ಸದ್ದು ಇದೆ. ಆಮೇಲೆ ಅಂಜನ್, ‘ಅಮ್ಮಾ, ಮಾರಕ್ಕ ಅವ್ರ ಮನೆ ಇದೇನಾ?’

ಒಳಗಿಂದ: ‘ಊಂ, ಇದೇಯ.’

‘ಅವ್ರಿದಾರಾ?’

‘ಮಾರಕ್ಕ ಇಲ್ಲ ಕಣಪ್ಪ.’

‘ಎಲ್ಲಿಗೆ ಹೋಗಿದಾರೆ?’

‘ಎಲ್ಲಿಗೋಯ್ತಾಳೆ? ಆಸ್ಪತ್ರೆಗೋದೋಳು ತಿರುಗಿ ಬರ್ನಿಲ್ಲ.’

ಅಂಜನ್ ‘ಛೆ, ಗೊತ್ತಿರ್ಲಿಲ್ಲಮ್ಮ’ ಎಂದು ಹೇಳಿ ಹೊರಡುತ್ತಾರೆ. ಚಪ್ಪಲಿ ಸದ್ದು, ಗೇಟು ಹಾಕಿದ ಸದ್ದು. ಫೋನು ನಿಲ್ಲಿಸುವುದನ್ನು ಅವರು ಮರೆತಿದ್ದಾರೆ. ಅಷ್ಟರಲ್ಲಿ ಅದೇ ದನಿ, ಈಗ ಬಹಳ ಹತ್ತಿರದಿಂದ, ಅವರ ಪಕ್ಕದಲ್ಲೇ ನಡೆದು ಬರುತ್ತಿರುವ ಹಾಗೆ, ಮೆಲ್ಲಗೆ ಹೇಳುತ್ತದೆ: ‘ಬಂದೋಳು ಬ್ಯಾರೆ.’ ಆ ಮಾತು ತಮಗೆ ಕೇಳಿಸಲೇ ಇಲ್ಲ ಎಂದು ಅಂಜನ್ ಪ್ರಮಾಣ ಮಾಡಿದರು. ರೆಕಾರ್ಡು ಅವರಿಗೆ ಫೋನಿನಲ್ಲೇ ಹಾಕಿ ಕೇಳಿಸಿದೆ. ಅವತ್ತಿನಿಂದ ಅವರು ನನ್ನ ಫೋನ್ ತೆಗೆಯುತ್ತಿಲ್ಲ.

ಅದು ರಾಣಿಯ ದನಿ ಅಲ್ಲ ಮಾರಕ್ಕ. ‘ಊಂ, ಇದೇಯ’ ಎನ್ನುವಾಗಲೇ ನನಗೆ ಗುರುತು ಸಿಕ್ಕಿತ್ತು. ಆಪರೇಷನ್ನಿಗೆ ಮುಂಚೆ ನಾನು ತುಂಬಿಸಿಕೊಂಡಿದ್ದ ನಿಮ್ಮ ಸೊಪ್ಪಿನ ಕೂಗನ್ನು ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದೆ. ನನ್ನ ರೆಕಾರ್ಡಿನಲ್ಲಿ ಗಂಟಲಿನ ಗಡ್ಡೆಯಿಂದಾಗಿ ನಿಮ್ಮ ದನಿ ಒಡೆದಿದೆ, ಗೊಗ್ಗರಾಗಿದೆ. ಇದರಲ್ಲಿ ಆ ಗೊಗ್ಗರು ಇಲ್ಲ, ತಿಳಿಯಾಗಿದೆ. ಉಳಿದದ್ದೆಲ್ಲ ಒಂದೇ. ದನಿಗಳನ್ನು ಅಳೆಯುವ ಗೆಳೆಯರೊಬ್ಬರಿಗೆ ಹೆಸರು ಹೇಳದೆ ಎರಡನ್ನೂ ಕೊಟ್ಟೆ. ‘ಒಬ್ಬರದೇ ದನಿ, ಇಲ್ಲದಿದ್ದರೆ ತಾಯಿಮಗಳದ್ದು’ ಎಂದರು. ಅದಕ್ಕೇ ನಿಮ್ಮನ್ನು ತಂಗಿ, ಮಗಳು, ಕ್ಯಾಸೆಟ್ಟು ಎಂದು ಕೇಳಿದ್ದು. ನೀವು ಯಾವುದೂ ಇಲ್ಲ ಎಂದು ಬರೆದಿರಿ. ಆಮೇಲೆ ನನಗೆ ಬರೆಯುವುದಕ್ಕೆ ಕೈ ಏಳಲಿಲ್ಲ.

ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ನಾನು ಅಂದುಕೊಂಡದ್ದೇ ತಪ್ಪಿರಬಹುದು ಎಂಬ ಆಸೆ ಇನ್ನೂ ಇದೆ. ನೀವೂ ರಾಜೇಂದ್ರ ಅವರೂ ಕೇಳಿ ಹೇಳಿ, ಗಡ್ಡೆ ಬೆಳೆಯುವುದಕ್ಕೆ ಮುಂಚಿನ ದನಿ ನಿಮಗಿಬ್ಬರಿಗೇ ಗೊತ್ತು. ಸಿ.ಡಿ.ಯಲ್ಲಿ ಹಾಕಿ ಇದರ ಜೊತೆ ಕಳಿಸಿದ್ದೇನೆ. ಒಬ್ಬರೇ ಕೂತು ಕೇಳಬೇಡಿ. ಮಗನನ್ನು ಜೊತೆಗೆ ಕೂರಿಸಿಕೊಳ್ಳಿ.

ರಾಣಿಯನ್ನು ಕರೆಸಿಕೊಳ್ಳಿ ಮಾರಕ್ಕ. ಕೈಮುಗಿದು ಕೇಳುತ್ತೇನೆ.

ಸವಿತಾ


ವರ್ತೂರು
17 ಆಗಸ್ಟ್ 2015

ಡಾಕ್ಟರಮ್ಮನವರಿಗೆ,

ನಿಮ್ಮ ಕಾಗದ, ಸಿ.ಡಿ. ಎರಡೂ ತಲುಪಿದವು. ಮನೆಯಲ್ಲಿ ಅದನ್ನು ಹಾಕುವ ಮೆಷಿನ್ನಿಲ್ಲ. ಶನಿವಾರ ಬೆಳಗ್ಗೆ ಮಗನ ಟ್ಯಾಂಕರ್ ಹತ್ತಿ ಪಕ್ಕದಲ್ಲಿ ಕೂತೆ. ಹಾಡು ಹಾಕುವ ಪೆಟ್ಟಿಗೆಗೆ ಅದನ್ನು ತಳ್ಳಿ, ‘ಏನಮ್ಮ ಇದು ಹೊಸಾ ನಾಟಕ’ ಅಂತ ಗೊಣಗುತ್ತಿದ್ದ. ‘ಊಂ, ಇದೇಯ’ ಅಂತ ಬಂತು. ಮಗ ನನ್ನ ಕಡೆ ತಿರುಗಿ ‘ಅಮ್ಮಾ’ ಅಂದ. ಪೆಟ್ಟಿಗೆಯ ಕಡೆ ನೋಡಿ ಮತ್ತೆ ‘ಅಮ್ಮಾ’ ಅಂದ. ಮುಖ ಮುಚ್ಚಿಕೊಂಡು ಸ್ಟೇರಿಂಗಿನ ಮೇಲೆ ಒರಗಿಬಿಟ್ಟ.

ಅದು ನನ್ನ ದನಿಯೇ ಡಾಕ್ಟರಮ್ಮ. ಆಸ್ಪತ್ರೆಯ ಮಂಚದ ಮೇಲೆ ಗೊಗ್ಗರಾಗಿದ್ದದ್ದಲ್ಲ. ಕೆರೆ ಏರಿಯ ಮೇಲಿನದು, ನನ್ನ ಗಂಡ ಕೇಳಿ ನಗುತ್ತಿದ್ದದ್ದು. ನನಗೆ ಮೊದಲು ಹೆದರಿಕೆ ಆಗಲಿಲ್ಲ, ನಿಮಗೆ ಸುಳ್ಳು ಯಾಕೆ ಹೇಳಲಿ. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ! ಬಾಯಿ ತೆರೆದರೆ ಗಾಳಿಯೂ ಬಾರದ ಈ ಗಂಟಲು ಒಂದು ಕಾಲದಲ್ಲಿ ಹಾಗಿತ್ತಲ್ಲ ಅಂತ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತೆ. ಆಮೇಲೆ ಅದು ಆಡಿದ ಮಾತು ತಲೆಗೆ ಹತ್ತಿತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ, ಬಂದವಳು ಬೇರೆ. ಆಗ ಹೆದರಿದೆ.

ಕೋಪವೂ ಬಂತು. ಅದು ಹೋದದ್ದಕ್ಕೆ ನಾನು ಎಷ್ಟು ಅತ್ತಿದ್ದೇನೆ. ಅದಕ್ಕೆ ನನ್ನ ಗುರುತೇ ಸಿಗಲಿಲ್ಲವೇ? ನನ್ನ ಮನೆಯಲ್ಲೇ ಇದ್ದುಕೊಂಡು, ಬಂದವರಿಗೆ ನನ್ನನ್ನು ಇಲ್ಲ ಅನ್ನುತ್ತದೆ. ಇಲ್ಲ ಅನ್ನಿಸಿಕೊಂಡವಳು ನಾನು, ಶಿಕ್ಷೆ ರಾಣಿಗೆ. ಆ ಹುಡುಗಿ ಕಿವಿಯಿಂದ ಕೇಳಿದ್ದನ್ನು ಕೇಳಿದೆ ಅಂದಳು, ಅಷ್ಟೇ. ನಾನು ಅವಳ ಬಾಯಿಗೆ ಸುಳ್ಳು ಕಟ್ಟಿದೆ.

ಮಗ ‘ನಾನ್ ಓಗಿ ಕರ್ಕಂಬತ್ತೀನಿ’ ಅಂದ. ಬೇಡ ಅಂದೆ. ಕಳಿಸಿದವಳು ನಾನು, ನಾನೇ ಹೋಗಬೇಕು. ನಿನ್ನೆ ಬಸ್ಸು ಹತ್ತಿ ಹೋದೆ. ಬಸ್ಸಿಳಿದು ಅವರ ಮನೆಯವರೆಗೆ ನೀಲಗಿರಿ ತೋಪಿನ ಮಧ್ಯೆ ಮಣ್ಣಿನ ದಾರಿ. ಮಟಮಟ ಮಧ್ಯಾಹ್ನ, ಹಿಂದೆ ಮುಂದೆ ನರಪಿಳ್ಳೆ ಇರಲಿಲ್ಲ. ಆದರೂ ಒಂದೆರಡು ಸಲ ತಿರುಗಿ ನೋಡಿದೆ.

ಅವರ ಮನೆ ಬಾಗಿಲು ಅರ್ಧ ಹಾಕಿತ್ತು. ನಾನು ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತೇನೆ. ನಿನ್ನೆ ಕೈ ಮೇಲೇಳಲಿಲ್ಲ. ಏನು ಮುಖ ಇಟ್ಟುಕೊಂಡು ತಟ್ಟಲಿ? ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅವಳು ಬಂದು ‘ಯಾಕ್ ಬಂದ್ರಿ’ ಅಂದರೆ ನನ್ನ ಹತ್ತಿರ ಉತ್ತರವೂ ಇಲ್ಲ, ಉತ್ತರ ಹೇಳುವ ದನಿಯೂ ಇಲ್ಲ ಅಂದುಕೊಂಡು, ಜಗಲಿ ಇಳಿದು ವಾಪಸು ಹೊರಟೆ.

ಪಾತ್ರೆಯ ಸದ್ದು ನಿಂತಿತು. ‘ಬಂದೆ, ಬಂದೆ’ ಅಂತ ರಾಣಿ ಓಡಿಬಂದಳು. ಕೈತುಂಬ ಸಬ್ಬೀನ ನೊರೆ. ನನ್ನನ್ನು ನೋಡಿ ಹಾಗೇ ನಿಂತಳು. ಆಮೇಲೆ ನನ್ನ ಹಿಂದೆ ನೋಡಿದಳು, ಬೀದಿಯ ಆ ಕಡೆ ಈ ಕಡೆ ನೋಡಿದಳು.

‘ಅತ್ತೆ, ನಿಮ್ ಜೊತೆ ಯಾರ್ ಬಂದವ್ರೆ?’ ಅಂದಳು. ‘ರಾಣವ್ವಾ, ಬಾರವ್ವಾ ಮನೀಗೆ ಅಂತ ಈಗ ಕೂಗುದ್ರಲ್ಲ. ಎಷ್ಟ್ ಚೆಂದಾಗ್ ಕೂಗುದ್ರು! ಯಾರತ್ತೆ ಅದು?’

ಡಾಕ್ಟರಮ್ಮ, ನನಗೆ ಏನೂ ಕೇಳಿಸಿರಲಿಲ್ಲ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನನ್ನ ಗಂಟಲು ಮಾತ್ರ ಉರಿಯುತ್ತಿತ್ತು.

ಯಾರೂ ಇಲ್ಲ ಅಂತ ಕೈ ಆಡಿಸಬಹುದಿತ್ತು. ಆ ‘ಇಲ್ಲ’ ಅನ್ನುವ ಮಾತು ಇನ್ನು ನನ್ನಿಂದಾಗಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು, ನಾನೇ, ಅಂತ ತುಟಿ ಆಡಿಸಿದೆ. ನಾನೇ ಕೂಗಿದ್ದು ಕಣೇ.

ಅವಳು ನನ್ನ ತುಟಿ ನೋಡಿದಳು. ಕುತ್ತಿಗೆಯ ಬಟ್ಟೆ ನೋಡಿದಳು. ನಕ್ಕುಬಿಡುತ್ತಾಳೇನೋ, ನನ್ನನ್ನು ಹುಚ್ಚಿ ಅನ್ನುತ್ತಾಳೇನೋ ಅಂತ ಕಾದೆ. ನಾನು ಅವಳನ್ನು ನಂಬಿರಲಿಲ್ಲವಲ್ಲ.

‘ಇಂಗಿತ್ತಾ ಅತ್ತೆ ನಿಮ್ ದನಿ?’ ಅಂದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಗಂಟುಗಟ್ಟಿದ ಕೂದಲಿನ ಮೇಲೆ ಕೈ ಇಟ್ಟಳು. ‘ಒಳೀಕ್ ಬನ್ನಿ. ಮೊದ್ಲು ತಲೆಗೆ ನೀರ್ ಹಾಕ್ತೀನಿ’ ಅಂದಳು.

ಮಾರಕ್ಕ